ಕರಣಿಕನ ಲೆಕ್ಕವೂ ಗಿರಿಜೆಯ ಕಲ್ಯಾಣವೂ

ಕಳೆದ ಶ್ರಾವಣದಲ್ಲಿ ಚಿಕ್ಕಯ್ಯನಛತ್ರದ ನಮ್ಮ ಮನೆಗೆ ತಮ್ಮನು ಬಂದು, ಇಷ್ಟಲಿಂಗಪೂಜೆ ಮುಗಿಯುವವರೆಗೆ ಜಗಲಿಯ ಮೇಲೆ ಮೌನವಾಗಿ ಕುಳಿತಿದ್ದನು. ಅವನ ಮಗಳು ಹನ್ನೊಂದು ವರ್ಷ ಮಾಡಿದ ಬ್ಯಾಂಕಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪ್ರೇಮಕಾದಂಬರಿ ಬರೆಯಲು ಕುಳಿತಿದ್ದಳು. “ಅಣ್ಣಯ್ಯ, ಇದೇನು ಮರ್ಯಾದಸ್ಥರ ಮನೆಯ ಕೆಲಸವೆ? ನಿಮ್ಮ ಮಾತಾದರೆ ಕೇಳುತ್ತಾಳೆ, ಬುದ್ಧಿ ಹೇಳಿ” ಎಂದನು. ನಾವು ಒಪ್ಪಿಕೊಂಡೆವು.

ಆದರೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಮಠದಲ್ಲಿ ಓದುತ್ತಿದ್ದಾಗ, ಹದಿನೇಳರ ಪ್ರಾಯದಲ್ಲಿ, ನಾವೂ ಒಂದು ನೋಟುಪುಸ್ತಕದ ತುಂಬ ಪ್ರೇಮಕಥೆ ಬರೆದಿದ್ದೆವು. ಯಾರೂ ಗದರಲಿಲ್ಲ, ಯಾರೂ ಕಂಡಿರಲೂ ಇಲ್ಲ. ಕಂಡಾರೆಂಬ ಭಯಕ್ಕೇ ಅದನ್ನು ಕಪಿಲೆಗೆ ಹಾಕಿದೆವು. ಮುಂದೆ ನಲವತ್ತು ವರ್ಷ ಅನ್ಯರ ಕಾವ್ಯಗಳಿಗೆ ಅರ್ಥ ಹೇಳಿದೆವು. ಸ್ವಂತದ ಒಂದು ಸಾಲನ್ನೂ ಬರೆಯಲಿಲ್ಲ.

ಹಾಗೆ ಅರ್ಥ ಹೇಳಿದ ಕವಿಗಳಲ್ಲಿ ನಮಗೆ ಅತ್ಯಂತ ಪ್ರಿಯನಾದವನು ಹರಿಹರ. ಅವನು ದೋರಸಮುದ್ರದಲ್ಲಿ ಹೊಯ್ಸಳ ದೊರೆ ನರಸಿಂಹನ ಆಸ್ಥಾನದ ಕರಣಿಕನಾಗಿದ್ದನೆಂದೂ, ಆ ಅಧಿಕಾರವನ್ನು ತೊರೆದು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ಬಂದನೆಂದೂ ಐತಿಹ್ಯವುಂಟು. ಲೆಕ್ಕ ಬಿಟ್ಟ ಆ ಮಹಾಕವಿ ಬರೆದದ್ದೇನು? ‘ಗಿರಿಜಾಕಲ್ಯಾಣ’! ಅದು ಒಲವಿನ ಕಥೆಯಲ್ಲದೆ ಮತ್ತೇನು? ಅಲ್ಲಿ ಮನ್ಮಥನು ಸುಟ್ಟುಹೋಗುತ್ತಾನೆ, ರತಿ ಗೋಳಿಡುತ್ತಾಳೆ. ರೂಪದಿಂದ ಒಲಿಯದ ಶಿವನನ್ನು ಗಿರಿಜೆ ತಪಸ್ಸಿನಿಂದ ಒಲಿಸಿಕೊಳ್ಳುತ್ತಾಳೆ. ಶರಣಸತಿ ಲಿಂಗಪತಿ ಎಂಬ ಭಾವವನ್ನು ನೆಚ್ಚಿದ ನಾವು ಪ್ರೇಮವೆಂಬ ಶಬ್ದಕ್ಕೆ ಬೆಚ್ಚುವುದು ತರವೆ?

ಈಚಿನ ಕಾಲಕ್ಕೆ ಬಂದರೆ, ಹಾವೇರಿ ಸೀಮೆಯ ಗಳಗನಾಥರು (1869–1942) ಶಿಕ್ಷಕವೃತ್ತಿಯನ್ನು ಬಿಟ್ಟು ಕಾದಂಬರಿಗಳನ್ನು ಬರೆದರು. ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನಮ್ಮ ಮೈಸೂರಿನ ತ್ರಿವೇಣಿಯವರು 1953ರಲ್ಲಿ ‘ಅಪಸ್ವರ’ದಿಂದ ತೊಡಗಿ, 1963ರಲ್ಲಿ ಅಕಾಲಮರಣಕ್ಕೆ ತುತ್ತಾಗುವುದರೊಳಗೆ ಇಪ್ಪತ್ತರಷ್ಟು ಕಾದಂಬರಿಗಳನ್ನು ಕೊಟ್ಟರು. ಅವರ ‘ಶರಪಂಜರ’ವನ್ನು ಓದಿದವರಿಗೆ, ಮನೋರೋಗದಿಂದ ಗುಣಮುಖಳಾಗಿ ಬಂದ ಹೆಣ್ಣನ್ನು ಮನೆಯವರ ಸಂಶಯವು ಹೇಗೆ ಮತ್ತೆ ಕೊಲ್ಲುತ್ತದೆಂಬುದು ತಿಳಿದಿದೆ. ಇಂತಹ ತಿಳಿವಳಿಕೆಯನ್ನು ನಮ್ಮ ಎಷ್ಟು ಪ್ರವಚನಗಳು ಮನೆಮನೆಗೆ ಮುಟ್ಟಿಸಿವೆ?

ಮರುದಿನ ಮಗುವನ್ನು ಕರೆಸಿ, ಬರೆದುದನ್ನು ತರಹೇಳಿ, ಮೂರು ದಿನ ಓದಿದೆವು. ಕೆಲವೆಡೆ ಮಾತು ಹೆಚ್ಚಾಗಿತ್ತು. ಕೆಲವೆಡೆ ನಮ್ಮ ಕಣ್ಣು ತೇವವಾಯಿತು. “ತಾಯಿ, ಇದು ಕಾಯಕವಾಗಬೇಕಾದರೆ ಎರಡು ನಿಯಮ ಬೇಕು. ಒಂದು, ನಿತ್ಯವೂ ತಪ್ಪದೆ ಬರೆ. ಎರಡು, ಮಾರಾಟಕ್ಕಾಗಿ ಸುಳ್ಳು ಒಲವನ್ನು ಬರೆಯಬೇಡ. ಕೂಡಿಟ್ಟ ಹಣ ಎಷ್ಟು ದಿನಕ್ಕೆ ಬಂದೀತೆಂಬ ಲೆಕ್ಕವೂ ಇರಲಿ” ಎಂದೆವು.

ಅವಳು ನಕ್ಕು, “ಲೆಕ್ಕ ಇಟ್ಟಿದ್ದೇನೆ ದೊಡ್ಡಪ್ಪ, ಎರಡು ವರ್ಷಕ್ಕೆ ಸಾಕು” ಎಂದಳು.

ತಮ್ಮನಿಗೆ ನಾವು ಹೇಳಿದ್ದು ಇಷ್ಟೇ: “ಬುದ್ಧಿ ಹೇಳಲು ಹೋಗಿ ನಾವೇ ಕಲಿತು ಬಂದೆವಪ್ಪ.” ಅವನ ಮುಖದ ಗಂಟು ಇನ್ನೂ ಪೂರ್ಣ ಸಡಿಲಿಲ್ಲ. ಆದರೆ ಮೊನ್ನೆ ಮಗಳ ಕೋಣೆಗೆ ಹೊಸ ಮೇಜೊಂದನ್ನು ಮಾಡಿಸಿಕೊಟ್ಟನೆಂದು ಕೇಳಿ ಸಂತೋಷಪಟ್ಟೆವು.