ಎರಡು ಕ್ಯಾನ್ ನೀರು ಮತ್ತು ಒಂದು ಮರುಭೂಮಿ

ಮದುವೆಯಾಗಿ ಎರಡು ತಿಂಗಳಿಗೆ ನಾವು ಹೊರಟಿದ್ದು ರಾಜಸ್ಥಾನಕ್ಕೆ. ಅದೂ ಹಿರೇನಲ್ಲೂರಿನಿಂದ, ಕಾರಲ್ಲಿ. ವಿಷಯ ಕೇಳಿದ ಪಕ್ಕದ ಮನೆ ಅಜ್ಜಿ, "ಇಲ್ಲಿ ಬಿಸ್ಲು ಸಾಲ್ದು ಅಂತ ದುಡ್ ಕೊಟ್ಟು ಬಿಸ್ಲಿಗೆ ಹೋಗ್ತಾರಂತೆ ಕಣವ್ವಾ" ಅಂತ ಬಾಯ್ತುಂಬ ನಕ್ಕಿದ್ರು. ಎಲ್ಲರೂ ಹನಿಮೂನಿಗೆ ಮನಾಲಿ, ಊಟಿ ಅಂತಾರೆ. ನಮ್ಮನೆಯವರಿಗೆ ಮಾತ್ರ ಹೈಸ್ಕೂಲಿನಿಂದ ಒಂದೇ ಆಸೆ, ಜೈಸಲ್ಮೇರಿನ ಕೋಟೆ ನೋಡಬೇಕು ಅಂತ. ಮದುವೆಗೆ ಮೊದಲೇ ರೂಮೆಲ್ಲ ಬುಕ್ ಮಾಡಿಟ್ಟಿದ್ದರು.

ನಾನು ಕೊಪ್ಪದ ಕಡೆಯವಳು. ಕೊಪ್ಪವೂ ಚಿಕ್ಕಮಗಳೂರು ಜಿಲ್ಲೆ, ಕಡೂರೂ ಚಿಕ್ಕಮಗಳೂರು ಜಿಲ್ಲೆ. ಆದರೆ ಒಂದೇ ಜಿಲ್ಲೆ ಅನ್ನೋದು ಕಾಗದದಲ್ಲಿ ಮಾತ್ರ. ತವರಿನಲ್ಲಿ ಹಿತ್ತಿಲ ಗುಡ್ಡದಿಂದ ಅಬ್ಬಿ ನೀರು ದಂಬೆಯಲ್ಲಿ ಹಗಲೂ ರಾತ್ರಿ ಸುರೀತಾನೇ ಇರುತ್ತೆ, ಅದನ್ನು ನಿಲ್ಲಿಸೋಕೆ ನಲ್ಲಿಯೇ ಇಲ್ಲ. ಇಲ್ಲಿ ಅತ್ತೆ ಅಕ್ಕಿ ತೊಳೆದ ನೀರನ್ನು ದನಕ್ಕೆ ಇಡ್ತಾರೆ, ಪಾತ್ರೆ ತೊಳೆದ ನೀರನ್ನು ತೆಂಗಿನ ಬುಡಕ್ಕೆ ಹಾಕ್ತಾರೆ. ನೀರಿನ ಡ್ರಮ್ಮಿಗೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು. ಆ ಕಲ್ಲು ನೋಡಿದಾಗೆಲ್ಲ ನನಗೆ ಉಸಿರು ಕಟ್ಟಿದ ಹಾಗಾಗ್ತಿತ್ತು.

ಆ ವರ್ಷ ಹಿಂಗಾರು ಕೈಕೊಟ್ಟಿತ್ತು. ಡಿಸೆಂಬರಿನಲ್ಲೇ ತೋಟದ ಬೋರ್‌ವೆಲ್ ಗಾಳಿ ಉಗುಳೋಕೆ ಶುರು ಮಾಡಿತು. ಒಂದು ದಿನ ತಲೆಸ್ನಾನಕ್ಕೆ ಎರಡನೇ ಬಕೆಟ್ ತುಂಬಿಸ್ತಿದ್ದೆ. ಅತ್ತೆ ಮೆಲ್ಲಗೆ, "ಒಂದ್ರಲ್ಲೇ ಸುಧಾರ್ಸ್ಕೊಳ್ಳವ್ವಾ" ಅಂದ್ರು. ಅಷ್ಟೇ ಅಂದಿದ್ದು. ರಾತ್ರಿ ನಾನು ಇವರ ಹತ್ತಿರ ಕೂಗಾಡಿಬಿಟ್ಟೆ. "ಕೆರೆಗೆ ಹಾರ ಆಗೋಕೆ ನಾನು ಈ ಮನೆಗೆ ಬಂದಿಲ್ಲ" ಅಂದೆ. ಊರಿನ ಕೆರೆಗೆ ನೀರು ಬರಲಿ ಅಂತ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಟ್ಟ ಕಥನಗೀತೆ ಯಾರಿಗೆ ಗೊತ್ತಿಲ್ಲ? ನಾನೂ ಆ ಮನೆಯ ಕಿರಿಸೊಸೆಯೇ. ನಡುವಿನ ಗೋಡೆ ತೆಳು. ಮಾರನೇ ಬೆಳಿಗ್ಗೆ ಬಚ್ಚಲಲ್ಲಿ ಎರಡು ಬಕೆಟ್ ಬಿಸಿನೀರು ಕಾದಿತ್ತು. ಅತ್ತೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊರಡುವ ದಿನ ಡಿಕ್ಕಿಯಲ್ಲಿ ನೋಡ್ತೀನಿ, ಇಪ್ಪತ್ತು ಲೀಟರಿನ ಎರಡು ಕ್ಯಾನು! ತುಂಬ ನೀರು! "ದಾರೀಲಿ ಎಂಥ ನೀರು ಸಿಕ್ಕುತ್ತೋ ಏನೋ" ಅಂದ್ರು ಅತ್ತೆ. ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಿದ್ದರು. ಆ ನೀರನ್ನು ಅವರು ಎಲ್ಲಿಂದ ಹೊಂದಿಸಿದರು ಅಂತ ನಾನು ಕೇಳಲಿಲ್ಲ.

ಅಜ್ಜಂಪುರ ದಾಟಿ, ಚಿತ್ರದುರ್ಗದಲ್ಲಿ ಹೈವೇ ಹಿಡಿದು, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ. ಮೊದಲ ರಾತ್ರಿ ಪುಣೆ, ಎರಡನೇ ರಾತ್ರಿ ಅಹಮದಾಬಾದ್, ಮೂರನೇ ಸಂಜೆಗೆ ಜೋಧಪುರ. ದಾರಿಯುದ್ದಕ್ಕೂ ಇಬ್ಬರೂ ಬೇಕಾದ್ದು ಮಾತಾಡಿದ್ವಿ, ನೀರಿನ ವಿಷಯ ಬಿಟ್ಟು.

ಜೋಧಪುರದಲ್ಲಿ ನೀರೇ ನಮ್ಮನ್ನು ಹಿಡಿದು ಮಾತಾಡಿಸಿತು. 1459ರಲ್ಲಿ ರಾವ್ ಜೋಧಾ ಮೆಹ್ರಾನ್‌ಗಢ ಕಟ್ಟಿಸಲು ಹೊರಟಾಗ, ಆ ಗುಡ್ಡದ ಮೇಲಿದ್ದ ಸಾಧುವನ್ನು ಎಬ್ಬಿಸಿ ಕಳಿಸಬೇಕಾಯಿತಂತೆ. ಆತ ಕೊಟ್ಟ ಶಾಪ ಏನು ಗೊತ್ತಾ? ನಿನ್ನ ರಾಜ್ಯಕ್ಕೆ ನೀರಿಲ್ಲದೆ ಹೋಗಲಿ! ಕೋಟೆಗೆ ಕೇಡಾಗಬಾರದು ಅಂತ ರಾಜಾರಾಮ್ ಮೇಘವಾಲ್ ಅನ್ನುವವನನ್ನು ಅಡಿಪಾಯದಲ್ಲಿ ಜೀವಂತ ಹೂತರು ಅಂತ ಕತೆ. ಅವನ ಹೆಸರಿನ ಕಲ್ಲು ಅಲ್ಲಿದೆ. ಲೋಹಾಪೋಲ್ ಬಾಗಿಲ ಪಕ್ಕದಲ್ಲಿ ಪುಟ್ಟ ಪುಟ್ಟ ಹಸ್ತದ ಗುರುತುಗಳು. 1843ರಲ್ಲಿ ಮಹಾರಾಜ ಮಾನ್‌ಸಿಂಗ್ ತೀರಿಕೊಂಡಾಗ ಸತಿ ಹೋದ ರಾಣಿಯರವು ಅಂತಾರೆ. ಕೆಂಪು ಕುಂಕುಮ ಮೆತ್ತಿದ ಆ ಕೈಗಳ ಮುಂದೆ, ಇನ್ನೂ ಮೆಹೆಂದಿ ಪೂರ್ತಿ ಮಾಸದ ನನ್ನ ಕೈ ಹಿಡಿದು ನೋಡಿಕೊಂಡೆ. ನಿಜವಾಗಿ ಬಲಿಯಾದವರು ಇಲ್ಲಿದ್ದಾರೆ. ನಾನು ಒಂದು ಬಕೆಟ್ ನೀರಿಗೆ ಭಾಗೀರಥಿಯ ಹೆಸರು ಎಳೆದು ತಂದಿದ್ದೆ. ನಾಚಿಕೆಯಾಯಿತು. ಇವರಿಗೆ ಹೇಳಲಿಲ್ಲ.

ಊರ ಹೊರಗೆ ಬಿಷ್ಣೋಯಿಗಳ ಹಳ್ಳಿಗಳ ಕಡೆ ಹೋದಾಗ ಕೃಷ್ಣಮೃಗಗಳು ದನಗಳ ಜತೆಯೇ ಮೇಯ್ತಿದ್ದವು. 1730ರಲ್ಲಿ ಖೇಜಡಿ ಮರ ಕಡಿಯೋಕೆ ಬಂದ ರಾಜನ ಆಳುಗಳನ್ನು ತಡೆದು, ಅಮೃತಾದೇವಿ ಮೊದಲಾಗಿ 363 ಜನ ಮರ ತಬ್ಬಿ ಪ್ರಾಣ ಬಿಟ್ಟ ಸೀಮೆ ಅದು. "ನಮ್ಮ ಬಾಸೂರು ಕಾವಲಲ್ಲೂ ಇವೆ ಕಣೇ. ಅಮೃತಮಹಲ್ ಕಾವಲು. ಒಂದು ದಿನವೂ ನಿನ್ನ ಕರ್ಕೊಂಡು ಹೋಗ್ಲಿಲ್ಲ" ಅಂದ್ರು ಇವರು. ಸಾವಿರಾರು ಕಿಲೋಮೀಟರ್ ಬಂದು ಕಡೂರು ತಾಲ್ಲೂಕಿನ ಜಿಂಕೆ ವಿಷಯ ತಿಳಿದುಕೊಂಡೆ!

ಜೈಸಲ್ಮೇರಿನ ಕೋಟೆ 1156ರದ್ದು. ಅಂದರೆ ಬೇಲೂರಿನ ಗುಡಿ ಆಗಲೇ ಎದ್ದಿತ್ತು, ನಮ್ಮ ತರೀಕೆರೆ ಹತ್ತಿರದ ಅಮೃತಾಪುರದ ಗುಡಿ (1196) ಇನ್ನೂ ಎದ್ದಿರಲಿಲ್ಲ. ಹಳದಿ ಕಲ್ಲಿನ ಆ ಕೋಟೆಯೊಳಗೆ ಈಗಲೂ ಸಾವಿರಾರು ಜನ ಸಂಸಾರ ಮಾಡ್ತಿದ್ದಾರೆ. ನಾವು ಉಳಿದ ಮನೆಯ ಅಜ್ಜಿ ಮುರುಕು ಹಿಂದಿ ಅರ್ಥವಾಗುವ ಹಾಗೆ ಹೇಳಿದ್ದು ಇದು: ಅವರು ಸೊಸೆಯಾಗಿ ಬಂದಾಗ ಕೆಳಗಿನ ಗಡಿಸರ್ ಕೆರೆಯಿಂದ ತಲೆ ಮೇಲೆ ನೀರು ಹೊತ್ತು ಕೋಟೆ ಹತ್ತಬೇಕಿತ್ತು. ಹದಿನಾಲ್ಕನೇ ಶತಮಾನದಲ್ಲಿ ಗಡ್ಸಿಸಿಂಗ್ ಕಟ್ಟಿಸಿದ ಮಳೆನೀರಿನ ಕೆರೆ ಅದು. ಆಮೇಲೆ ನಲ್ಲಿ ಬಂತು, ಹೋಟೆಲುಗಳು ಬಂದವು, ನೀರಿನ ಬಳಕೆ ಹೆಚ್ಚಾಯಿತು. ಚರಂಡಿ ಸೋರಿ ಬುಡದ ಮಣ್ಣು ಮೆತ್ತಗಾಗಿ ಕೋಟೆಯ ಬುರುಜುಗಳೇ ಕುಸಿದವು. ಎಂಟು ಶತಮಾನ ಬಾಯಾರಿಕೆ ತಡೆದುಕೊಂಡ ಕೋಟೆ ನೀರು ಜಾಸ್ತಿಯಾಗಿ ಬೀಳ್ತಿದೆ! ಅವತ್ತು ನಾನು ಯಾರೂ ಹೇಳದೆ ಒಂದೇ ಬಕೆಟ್‌ನಲ್ಲಿ ಸ್ನಾನ ಮುಗಿಸಿದೆ.

ಮಾರನೇ ದಿನ ಕುಲಧರಾ. ಪಾಲಿವಾಲ್ ಬ್ರಾಹ್ಮಣರು ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಬಿಟ್ಟುಹೋದ ಊರು. ದಿವಾನನ ಕಾಟಕ್ಕೆ ಒಂದೇ ರಾತ್ರಿ ಖಾಲಿಯಾಯಿತು ಅಂತ ಗೈಡುಗಳು ರೋಚಕವಾಗಿ ಹೇಳ್ತಾರೆ, ಬಾವಿಗಳು ಬತ್ತಿದ್ದರಿಂದ ನಿಧಾನವಾಗಿ ಖಾಲಿಯಾಯಿತು ಅಂತಲೂ ಹೇಳುವವರಿದ್ದಾರೆ. ಮಾಡಿಲ್ಲದ ಮನೆಗಳ ಸಾಲು, ಬೀದಿಗಳು ಮಾತ್ರ ನೇರ. ಇವರು ಒಂದು ಹೊಸ್ತಿಲ ಮೇಲೆ ಕೂತರು. ತುಂಬ ಹೊತ್ತು ಬಿಟ್ಟು, "ತೋಟ ಮಾರೋಣ ಅಂತಿದೀನಿ. ಬ್ರೋಕರ್ ಹತ್ರ ಮಾತಾಡಿದೀನಿ. ಬೆಂಗಳೂರಲ್ಲಿ ಏನಾದ್ರೂ ನೋಡ್ಕೊಳ್ಳೋಣ. ನಿನಗೆ ನಮ್ಮೂರಲ್ಲಿ ಆಗಲ್ಲ" ಅಂದ್ರು.

"ಅತ್ತೆ?"

"ಅಮ್ಮ ಬರಲ್ಲ."

ನಾನು ಕೋಪದಲ್ಲಿ ಆಡಿದ ಒಂದು ಮಾತು ಅಷ್ಟು ದೂರ ಹೋಗಿತ್ತು. ಮೂರು ವಾರದಿಂದ ಈ ಮನುಷ್ಯ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಕಾರು ಓಡಿಸಿದ್ದರು. ನಾನು ಅಳೋಕೆ ಶುರು ಮಾಡಿದೆ. ಫೋಟೋ ತೆಗೀತಿದ್ದ ಗುಜರಾತಿ ಕುಟುಂಬವೊಂದು ಪಾಪ ಬೇರೆ ಬೀದಿಗೆ ಹೋಯಿತು. "ಯಾರನ್ನ ಕೇಳಿ ಮಾತಾಡಿದ್ರಿ?" ಅಂತ ಬೈದೆ. "ನೀನೇ ಹೇಳಿದ್ದಲ್ಲ" ಅಂದ್ರು. ಹೌದು, ನಾನೇ ಹೇಳಿದ್ದು.

ವಾಪಸ್ ಬರುವಾಗ ಡ್ರೈವರುಗಳು ಯಾರೂ ನಿಲ್ಲಿಸದ ಕಡೆ ಇವರು ಕಾರು ನಿಲ್ಲಿಸಿದರು. ಉದ್ದಕ್ಕೆ ಹೋದ ಒಂದು ಮಣ್ಣಿನ ಏರಿ, ಅದರ ಒಳಗೆ ಹಸಿರಾದ ಕಡಲೆ, ಗೋಧಿ. ಖಡೀನ್ ಅಂತಾರೆ. ಪಾಲಿವಾಲರು ನೂರಾರು ವರ್ಷದ ಹಿಂದೆ ಬೆಳೆಸಿದ ಪದ್ಧತಿ. ಕಲ್ಲುಗುಡ್ಡದಿಂದ ಹರಿದು ಬರುವ ಮಳೆನೀರನ್ನು ಏರಿ ತಡೆಯುತ್ತೆ, ಅದು ಅಲ್ಲೇ ಇಂಗುತ್ತೆ, ಇಂಗಿದ ಮೇಲೆ ಆ ತೇವದಲ್ಲೇ ಹಿಂಗಾರಿ ಬೆಳೆ. ಇವರು ಬಗ್ಗಿ ಮಣ್ಣು ಹಿಂಡಿ ನೋಡಿದ್ರು. "ಇಲ್ಲಿ ವರ್ಷಕ್ಕೆ ಇನ್ನೂರು ಮಿಲಿಮೀಟರೂ ಮಳೆ ಬರಲ್ಲ. ನಮಗೆ ಅದರ ಮೂರರಷ್ಟು ಬರುತ್ತೆ. ನಾವು ಬರೀ ಕೆಳಗಿಂದ ಎತ್ತಿದ್ವಿ, ಒಂದು ಸಲವೂ ಕೆಳಗೆ ಬಿಡಲಿಲ್ಲ" ಅಂದ್ರು. ಆಮೇಲೆ ದಾರಿಯುದ್ದಕ್ಕೂ ನಮ್ಮ ಸೀಮೆಯ ಕೆರೆಗಳ ಪುರಾಣ. ಅಯ್ಯನಕೆರೆಯ ಕಡೆಯಿಂದ ವೇದಾ, ಮದಗದಕೆರೆಯ ಕಡೆಯಿಂದ ಅವತಿ, ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿ, ಅದು ಹೋಗಿ ವಾಣಿವಿಲಾಸ ಸಾಗರ. ಅಬ್ಬಿ ನೀರಿನ ಹುಡುಗಿ ಮೊದಲ ಸಲ ಮನಸ್ಸಿಟ್ಟು ಕೇಳಿದಳು.

ಬಿಕಾನೇರಿನಲ್ಲಿ ಒಂದು ತಮಾಷೆ. ಸಿಹಿತಿಂಡಿ ಸಾಮಾನಿನ ಅಂಗಡಿಯಲ್ಲಿ ಉಂಡೆಕೊಬ್ಬರಿ ರಾಶಿ ಇತ್ತು. ಇವರು ಒಂದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಉಗುರಲ್ಲಿ ಗೀರಿ, ಮೂಸಿ ನೋಡಿದ್ರು. ಅಂಗಡಿಯವನು "ತಿಪ್ಟೂರ್ ಕಾ ಮಾಲ್" ಅಂದಿದ್ದೇ ತಡ, ಇವರ ಮುಖ ನೋಡಬೇಕಿತ್ತು! ನಮ್ಮ ತೋಟದ್ದೂ ತಿಪಟೂರು ಮಾರ್ಕೆಟ್ಟಿಗೇ ಹೋಗೋದು. ಬಾವಿ ಬತ್ತಿದ ನಮ್ಮೂರಿನ ನೀರು ಕೊಬ್ಬರಿಯಾಗಿ ಮರುಭೂಮಿಗೆ ಬಂದು ಕೂತಿತ್ತು. ನಮ್ಮದೇ ಇರಬಹುದು ಅಂತ ಕಾಲು ಕೇಜಿ ಕೊಂಡ್ಕೊಂಡ್ವಿ. ಊರಿನ ಎರಡರಷ್ಟು ರೇಟು ಕೊಟ್ಟು!

ಜೈಪುರ ನೋಡಿಕೊಂಡು, ಸಂಕ್ರಾಂತಿಯ ಹಿಂದಿನ ರಾತ್ರಿ ಮನೆ ಸೇರಿದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮೊದಲ ಮಾತು, "ಕ್ಯಾನ್ ಎರಡೂ ಬಂದ್ವಾ?"

ಬಂದಿದ್ದವು. ಖಾಲಿ ಕ್ಯಾನುಗಳನ್ನು ನಾನೇ ಒಳಗೆ ಇಟ್ಟೆ. ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಶುರು ಮಾಡಿದೆ, "ಅತ್ತೆ, ಅವತ್ತು ರಾತ್ರಿ ನಾನು..."

"ಯಾವತ್ತು ರಾತ್ರಿ?" ಅಂದ್ರು ಒಲೆ ಕಡೆ ನೋಡ್ತಾ. "ಹೋಗು, ಮೊದ್ಲು ಸ್ನಾನ ಮಾಡು. ಎರಡು ಬಕೆಟ್ ಕಾಯ್ಸಿದೀನಿ."

ತೋಟ ಮಾರಲಿಲ್ಲ. ಹಾಗಂತ ಪವಾಡವೇನೂ ಆಗಲಿಲ್ಲ. ಆ ಬೇಸಿಗೆಯಲ್ಲಿ ಹನ್ನೊಂದು ತೆಂಗಿನಮರ ಸುಳಿ ಒಣಗಿ ಹೋದವು, ಟ್ಯಾಂಕರಿಗೆ ದುಡ್ಡು ಸುರಿದ್ವಿ. ಕೊಪ್ಪದ ಅಪ್ಪನಿಂದ ಎರಡು ದಂಬೆ ತರಿಸಿ, ಮಾಡಿನ ಸೂರಿಗೆ ಕಟ್ಟಿ, ಹಳೇ ಬಾವಿಗೆ ಮಳೆನೀರು ಬೀಳುವ ಹಾಗೆ ಮಾಡಿದ್ವಿ. ತೋಟದ ಇಳಿಜಾರಿಗೆ ಇವರು ಮೊಣಕಾಲೆತ್ತರ ಏರಿ ಹಾಕಿದರು. ಮುಂಗಾರಿನ ಮೊದಲ ದೊಡ್ಡ ಮಳೆ ರಾತ್ರಿ ಬಂತು. ಕರೆಂಟ್ ಇರಲಿಲ್ಲ. ನಾನು ಎದ್ದು ಜಗುಲಿಗೆ ಬಂದರೆ ಅತ್ತೆ ಆಗಲೇ ಅಲ್ಲಿ ಕೂತು, ದಂಬೆಯಿಂದ ಬಾವಿಗೆ ಸುರಿಯುವ ಸದ್ದು ಕೇಳ್ತಿದ್ದರು.

"ನಿಮ್ಮನೇಲಿ ರಾತ್ರಿಯೆಲ್ಲ ಹಿಂಗೇ ಸದ್ದಾಗುತ್ತಾ?" ಅಂತ ಕೇಳಿದ್ರು.

"ಹೂಂ ಅತ್ತೆ."

"ಹೆಂಗೆ ನಿದ್ದೆ ಬರುತ್ತವ್ವಾ?" ಅಂದ್ರು. ಅವರಿಗೂ ನಿದ್ದೆ ಬರಲಿಲ್ಲ, ನನಗೂ ಬರಲಿಲ್ಲ. ಬೆಳಗಿನವರೆಗೂ ಅಲ್ಲೇ ಕೂತಿದ್ವಿ.