ಸಾವಿನ ಕಣಿವೆಯಲ್ಲಿ ದಾರಿ ಕೇಳುವುದು ಯಾರನ್ನು?

ಲಾಸ್ ವೇಗಸ್ ನಗರದ ದೀಪಗಳನ್ನು ಹಿಂದೆ ಬಿಟ್ಟು ಪಶ್ಚಿಮಕ್ಕೆ ಎರಡು ಗಂಟೆ ಕಾರು ಓಡಿಸಿದರೆ ನೆಲ ಇಳಿಯತೊಡಗುತ್ತದೆ. ಇಳಿದು ಇಳಿದು ಕೊನೆಗೆ ಬ್ಯಾಡ್‌ವಾಟರ್ ಎಂಬಲ್ಲಿ ನಿಂತಾಗ ಪ್ರಯಾಣಿಕರು ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗಿರುತ್ತಾರೆ. ಇಡೀ ಉತ್ತರ ಅಮೆರಿಕದಲ್ಲಿ ಇದಕ್ಕಿಂತ ತಗ್ಗಾದ ನೆಲವಿಲ್ಲ. ಮುಂದೆ ಕಣ್ಣು ಹಾಯುವಷ್ಟು ದೂರ ಬಿಳಿ ಉಪ್ಪು. ಹಿಂದೆ ಕಡಿದಾದ ಬೋಳು ಬೆಟ್ಟ. ಕತ್ತೆತ್ತಿ ನೋಡಿದರೆ ಬೆಟ್ಟದ ಬಂಡೆಯ ಮೇಲೆ ಒಂದು ಪುಟ್ಟ ಫಲಕ: 'ಸಮುದ್ರ ಮಟ್ಟ'. ಕಾರಿನಿಂದ ಇಳಿದ ಮಕ್ಕಳು ಮೊದಲು ಮಾಡುವ ಕೆಲಸವೆಂದರೆ ಜಿಪಿಎಸ್ ಪೆಟ್ಟಿಗೆಯನ್ನೋ ಫೋನನ್ನೋ ಹಿಡಿದು ಎತ್ತರ ನೋಡುವುದು. ಅಂಕಿಯ ಹಿಂದೆ ಋಣ ಚಿಹ್ನೆ ಕಾಣುತ್ತಲೇ ಕೇಕೆ. ಗಣಿತದ ಪುಸ್ತಕದಲ್ಲಷ್ಟೇ ಇದ್ದ ಮೈನಸ್ ಇಲ್ಲಿ ಕಾಲಡಿಗೇ ಬಂದಿರುತ್ತದೆ.

ಇದು ಕ್ಯಾಲಿಫೋರ್ನಿಯದ ಡೆತ್ ವ್ಯಾಲಿ, ಸಾವಿನ ಕಣಿವೆ. 1933ರಲ್ಲಿ ಸಂರಕ್ಷಿತ ಸ್ಮಾರಕವಾಗಿ, 1994ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾದ ಈ ಪ್ರದೇಶ ನಮ್ಮ ಬೆಳಗಾವಿ ಜಿಲ್ಲೆಗಿಂತ ತುಸುವೇ ದೊಡ್ಡದು. ಆದರೆ ಬೆಳಗಾವಿಯಲ್ಲಿ ಹತ್ತು ಕಿ.ಮೀ.ಗೊಂದು ಊರು, ಊರಿಗೊಂದು ಚಹದಂಗಡಿ, ಅಂಗಡಿಯಲ್ಲಿ ದಾರಿ ಹೇಳುವ ನಾಲ್ಕು ಜನ ಸಿಗುತ್ತಾರೆ. ಇಲ್ಲಿ ಪೆಟ್ರೋಲ್ ಸಿಗುವ ಜಾಗಗಳನ್ನೇ ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಇಂದಿಗೂ ವಿಶ್ವದಾಖಲೆಯ ಪಟ್ಟಿಯಲ್ಲಿದೆ. ಇಷ್ಟಾದರೂ ಟಿಂಬಿಶಾ ಶೋಶೋನಿ ಜನ ಶತಮಾನಗಳಿಂದ ಇಲ್ಲೇ ಬಾಳಿದ್ದಾರೆ. ಅವರಿಗೆ ಇದು ಸಾವಿನ ಕಣಿವೆಯಲ್ಲ, ಮನೆ. ಹೆದರಿಕೆಯ ಹೆಸರಿಟ್ಟವರು ದಾರಿ ತಪ್ಪಿ ಬಂದವರು.

ಅವರು ದಾರಿ ತಪ್ಪಿದ್ದೂ ಒಂದು ನಕ್ಷೆಯನ್ನು ನಂಬಿ. 1849ರಲ್ಲಿ ಕ್ಯಾಲಿಫೋರ್ನಿಯದ ಚಿನ್ನಕ್ಕಾಗಿ ಹೊರಟ ಬಂಡಿಗಳ ಸಾಲೊಂದು ಬಲ್ಲವನೊಬ್ಬನ ಹಿಂದೆ ಹಳೆಯ ಹಾದಿಯಲ್ಲಿ ಸಾಗಿತ್ತು. ನಡುವೆ ಯಾರದೋ ಕೈಯಲ್ಲಿದ್ದ ನಕ್ಷೆಯಲ್ಲಿ ಒಳದಾರಿ ಕಂಡಿತು. ಬಹಳಷ್ಟು ಬಂಡಿಗಳು ಅತ್ತ ತಿರುಗಿದವು. ಕೆಲವರು ಬೇಗನೆ ಹಿಂದಿರುಗಿದರು. ಉಳಿದವರು ವರ್ಷದ ಕೊನೆಗೆ ಈ ಕಣಿವೆಯಲ್ಲಿ ಸಿಕ್ಕಿಬಿದ್ದರು. ವಿಲಿಯಂ ಲೂಯಿಸ್ ಮ್ಯಾನ್ಲಿ, ಜಾನ್ ರೋಜರ್ಸ್ ಎಂಬ ಇಬ್ಬರು ಯುವಕರು ನೂರಾರು ಮೈಲಿ ಕಾಲ್ನಡಿಗೆಯಲ್ಲಿ ಹೋಗಿ, ಆಹಾರ ಹೊತ್ತುಕೊಂಡು ತಿರುಗಿ ಬಂದು, ಕಾದು ಕುಳಿತಿದ್ದ ಕುಟುಂಬಗಳನ್ನು ಹೊರಗೆ ಕರೆದೊಯ್ದರು. ತಾವು ಪಾರಾದ ಮೇಲೂ ಮರಳಿ ಬಂದರಲ್ಲ, ಅದು ದೊಡ್ಡದು. ಮ್ಯಾನ್ಲಿಯ ಹೆಸರು ಈಗ ಇಲ್ಲಿನ ಒಂದು ಸರೋವರಕ್ಕಿದೆ. ಆ ಸರೋವರದ ವಿಷಯ ಮುಂದೆ ಬರುತ್ತದೆ.

ಕ್ಯಾಲಿಫೋರ್ನಿಯಕ್ಕೆ ಓದಲು, ದುಡಿಯಲು ಹೋದ ಕನ್ನಡದ ಮಕ್ಕಳು ಚಳಿಗಾಲದ ರಜೆಯಲ್ಲಿ, ಊರಿನಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಇಲ್ಲಿಗೆ ಬರುವುದುಂಟು. ಹೊರಡುವ ಮೊದಲು ಮನೆಯಲ್ಲಿ ಏಳುವ ಪ್ರಶ್ನೆ ಒಂದೇ. ಕಾರಿನೊಳಗೇ ಅಳವಡಿಸಿ ಬಂದ ನ್ಯಾವಿಗೇಶನ್ ಸಾಕೇ, ಅಥವಾ ಗಾಜಿಗೆ ಅಂಟಿಸುವ, ಕೈಯಲ್ಲಿ ಒಯ್ಯುವ ಜಿಪಿಎಸ್ ಬೇಕೇ? ಬೆಂಗಳೂರಿನ ಬೀದಿಯಲ್ಲಿ ಇದು ದುಡ್ಡಿನ, ಶೋಕಿಯ ಪ್ರಶ್ನೆ. ಡೆತ್ ವ್ಯಾಲಿಯಲ್ಲಿ ಹಾಗಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಗಡಿಯಾರದ ವೇಳೆಯನ್ನು ಸಾರುತ್ತಲೇ ಇರುತ್ತವೆ. ಕಾರಿನಲ್ಲಿರುವ ಯಂತ್ರ ಆ ಸಂಕೇತ ಬಂದು ಮುಟ್ಟಲು ಹಿಡಿದ ಹೊತ್ತನ್ನು ಅಳೆದು ದೂರ ಲೆಕ್ಕ ಹಾಕುತ್ತದೆ. ಮೂರು ದೂರಗಳಿಂದ ಜಾಗ ಗೊತ್ತಾಗಬೇಕು. ಆದರೆ ಯಂತ್ರದ ಗಡಿಯಾರ ಅಗ್ಗದ್ದು. ಅದರ ತಪ್ಪು ತಿದ್ದಲು ನಾಲ್ಕನೆಯ ಉಪಗ್ರಹ ಬೇಕು. ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ ತಪ್ಪಿದರೆ ಒಂದು ಅಡಿಯಷ್ಟು ತಪ್ಪು. 2000ದ ಮೇ ತಿಂಗಳವರೆಗೆ ಅಮೆರಿಕದ ಸರ್ಕಾರವೇ ನಾಗರಿಕರ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ನೂರು ಮೀಟರಿನ ಸುಮಾರಿನಲ್ಲಿದ್ದ ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಅಂದರೆ 'ನೀವು ಎಲ್ಲಿದ್ದೀರಿ' ಎಂಬುದನ್ನು ಆಕಾಶ ಸರಿಯಾಗಿಯೇ ಹೇಳುತ್ತದೆ. ಮೊಬೈಲ್ ಗೋಪುರ ಇಲ್ಲದಿದ್ದರೂ ಹೇಳುತ್ತದೆ. 'ರಸ್ತೆ ಎಲ್ಲಿದೆ' ಎಂಬುದು ಮಾತ್ರ ಆಕಾಶಕ್ಕೆ ಗೊತ್ತಿಲ್ಲ. ಅದನ್ನು ಹೇಳುವುದು ಯಂತ್ರದೊಳಗಿನ ನಕ್ಷೆ. ನಕ್ಷೆಯನ್ನು ಬರೆದವರು ಮನುಷ್ಯರು, ಯಾವತ್ತೋ ಬರೆದದ್ದು.

ಡೆತ್ ವ್ಯಾಲಿಯ ನಕ್ಷೆಗಳಲ್ಲಿ ಸತ್ತ ರಸ್ತೆಗಳು ತುಂಬಿದ್ದವು. 1880ರ ದಶಕದಲ್ಲಿ ಬೊರಾಕ್ಸ್ ತುಂಬಿದ ಗಾಡಿಗಳನ್ನು ಹೇಸರಗತ್ತೆಗಳ ತಂಡಗಳು ಇಲ್ಲಿಂದ 165 ಮೈಲಿ ದೂರದ ಮೊಹಾವೆ ರೈಲು ನಿಲ್ದಾಣಕ್ಕೆ ಎಳೆಯುತ್ತಿದ್ದವು. ಆಮೇಲೆ ಚಿನ್ನ, ಬೆಳ್ಳಿ, ಸೀಸದ ಗಣಿಗಳು ಬಂದವು. ಗಣಿಗೊಂದು ದಾರಿ. ಗಣಿ ಮುಚ್ಚಿತು, ಊರು ಖಾಲಿಯಾಯಿತು, ದಾರಿ ಮರಳಿನಲ್ಲಿ ಮುಚ್ಚಿಹೋಯಿತು. ಈಗ ಉದ್ಯಾನದ ಶೇಕಡ 90ಕ್ಕೂ ಹೆಚ್ಚು ಭಾಗ ವಾಹನ ಸಂಚಾರವಿಲ್ಲದ ವನ್ಯಪ್ರದೇಶ. ಆದರೆ ಹಳೆಯ ಕಾಗದದಿಂದ ಕಂಪ್ಯೂಟರಿಗೆ ಏರಿದ ಗೆರೆ ಅಳಿಯಲಿಲ್ಲ. ಪರದೆಯ ಮೇಲೆ ಅದೂ ರಸ್ತೆಯೇ, ಅದರಲ್ಲೂ 'ಹತ್ತಿರದ' ರಸ್ತೆ.

2009ರ ಆಗಸ್ಟ್ ತಿಂಗಳಲ್ಲಿ ತಾಯಿಯೊಬ್ಬರು ಮಗನೊಂದಿಗೆ ಬಂದವರು ಜಿಪಿಎಸ್ ತೋರಿಸಿದ ದಾರಿ ಹಿಡಿದು ಕಣಿವೆಯ ದಕ್ಷಿಣದ ನಿರ್ಜನ ಭಾಗ ಸೇರಿದರು. ಜೀಪಿನ ಚಕ್ರ ಮರಳಿನಲ್ಲಿ ಹೂತಿತು. ಫೋನಿಗೆ ಸಂಕೇತವಿಲ್ಲ. ಐದು ದಿನಗಳ ನಂತರ ರೇಂಜರ್ ಒಬ್ಬರು ಹುಡುಕಿಕೊಂಡು ಬಂದಾಗ ತಾಯಿ ಬದುಕಿದ್ದರು, ಮಗ ಬದುಕಿರಲಿಲ್ಲ. ಆ ತಾಯಿಯನ್ನು ದೂರುವುದು ಸುಲಭ. ಆದರೆ ಊರಿಗೆ ಊರೇ ದಿನವೂ ನಂಬುವ ಯಂತ್ರವನ್ನೇ ಆಕೆ ನಂಬಿದ್ದು. ಇಂಥ ಪ್ರಕರಣಗಳ ನಂತರ ಉದ್ಯಾನದ ಸಿಬ್ಬಂದಿ ನಕ್ಷೆ ತಯಾರಿಸುವ ಕಂಪನಿಗಳ ಬೆನ್ನು ಹತ್ತಿ, ಇಲ್ಲದ ರಸ್ತೆಗಳನ್ನು ತೆಗೆಸತೊಡಗಿದರು. ದೂರದ ಜಾಗಗಳಲ್ಲಿ ಜಿಪಿಎಸ್ ನಂಬಲರ್ಹವಲ್ಲ, ಕಾಗದದ ನಕ್ಷೆ ಜೊತೆಗಿರಲಿ ಎಂಬ ಎಚ್ಚರಿಕೆಯನ್ನೂ ಕೊಡತೊಡಗಿದರು.

ಕಂಪನಿ ತನ್ನ ನಕ್ಷೆ ತಿದ್ದಿದರೆ ಸಾಕೇ? ತಿದ್ದಿದ ನಕ್ಷೆ ಕಾರಿಗೆ ಬಂದು ಸೇರಬೇಕಲ್ಲ. ಅಳವಡಿಸಿದ ಯಂತ್ರ ಸೋಲುವುದು ಇಲ್ಲೇ. ಅದರ ಬಹುಕಾಲದ ನಕ್ಷೆ ಡಿವಿಡಿಯಲ್ಲೋ ಎಸ್‌ಡಿ ಕಾರ್ಡಿನಲ್ಲೋ ಇರುತ್ತಿತ್ತು. ಹೊಸದು ಬೇಕಾದರೆ ಡೀಲರ್ ಬಳಿ ಹೋಗಿ ದುಡ್ಡು ತೆರಬೇಕು. ಎಷ್ಟೋ ಕಾರುಗಳು ಕೊಂಡ ದಿನದ ನಕ್ಷೆಯೊಂದಿಗೇ ಮುದಿಯಾದವು. ಗಾಳಿಯಲ್ಲೇ ನಕ್ಷೆ ತರಿಸಿಕೊಳ್ಳುವ ಹೊಸ ಕಾರುಗಳಿಗೆ ಈ ತಾಪತ್ರಯ ಕಡಿಮೆ. ಕೈಯಲ್ಲಿ ಒಯ್ಯುವ ಪೆಟ್ಟಿಗೆಗಳನ್ನು ಮನೆಯ ಕಂಪ್ಯೂಟರಿಗೆ ಸಿಕ್ಕಿಸಿ ಹೊಸ ನಕ್ಷೆ ತುಂಬಬಹುದು. ಹಲವು ಮಾದರಿಗಳಿಗೆ ಅದು ಜೀವನಪರ್ಯಂತ ಉಚಿತ. ತುಂಬುವ ವ್ಯವಧಾನ ಬೇಕು, ಅಷ್ಟೇ.

ನಕ್ಷೆ ಇಲ್ಲಿ ಎಷ್ಟು ಬೇಗ ಹಳಸುತ್ತದೆ ಎನ್ನುವುದಕ್ಕೆ ಮಳೆಯನ್ನು ಕೇಳಬೇಕು. ವರ್ಷಕ್ಕೆ ಸುಮಾರು ಎರಡು ಅಂಗುಲ ಮಳೆ ಬೀಳುವ ಜಾಗ ಇದು. 2015ರ ಅಕ್ಟೋಬರ್ ಪ್ರವಾಹ ಉತ್ತರದ ಸ್ಕಾಟಿ ಕ್ಯಾಸಲ್ ರಸ್ತೆಯನ್ನು ಕಿತ್ತುಹಾಕಿತು; ಪ್ರವಾಸಿಗರ ಮೆಚ್ಚಿನ ಆ ಬಂಗಲೆಯ ಬಾಗಿಲು ವರ್ಷಗಟ್ಟಲೆ ಮುಚ್ಚಿತು. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಶೇಷ ಒಂದೇ ದಿನದಲ್ಲಿ 2.2 ಅಂಗುಲ ಸುರಿಯಿತು. ಇಡೀ ವರ್ಷದ ಮಳೆ! ಉದ್ಯಾನ ಸುಮಾರು ಎರಡು ತಿಂಗಳು ಮುಚ್ಚಿತ್ತು. ಬ್ಯಾಡ್‌ವಾಟರಿನ ಉಪ್ಪಿನ ಮೇಲೆ ಹಿಮಯುಗದ ಹಳೆಯ ಸರೋವರ ಮತ್ತೆ ತುಂಬಿ ನಿಂತಿತು. ಅದೇ ಮ್ಯಾನ್ಲಿ ಸರೋವರ. 2024ರ ಫೆಬ್ರುವರಿಯಲ್ಲಿ ಜನ ಅಲ್ಲಿ ದೋಣಿ ಹಾಯಿಸಿದರು. ಯಾವ ಕಂಪನಿಯ ನಕ್ಷೆಯಲ್ಲಿ ಆ ನೀರು ಇದ್ದೀತು?

ಹಾಗೆಂದು ಅಳವಡಿಸಿದ ಯಂತ್ರವನ್ನು ತಳ್ಳಿಹಾಕಬಾರದು. ಅದರ ಕುಲ ಜಿಪಿಎಸ್‌ಗಿಂತ ಹಳೆಯದು. 1981ರಲ್ಲಿ ಹೋಂಡಾ ಕಂಪನಿ ಜಪಾನಿನಲ್ಲಿ ಅಕಾರ್ಡ್ ಕಾರಿಗೆ ಕೊಟ್ಟ ಯಂತ್ರಕ್ಕೆ ಉಪಗ್ರಹದ ಗೊಡವೆಯೇ ಇರಲಿಲ್ಲ. ಕಾರು ತಿರುಗಿದ್ದನ್ನು ಜೈರೊಸ್ಕೋಪ್ ಅಳೆಯುವುದು, ಓಡಿದ ದೂರವನ್ನು ಚಕ್ರ ಹೇಳುವುದು, ಪಾರದರ್ಶಕ ಹಾಳೆಯ ಮೇಲಿನ ನಕ್ಷೆಯಲ್ಲಿ ಬೆಳಕಿನ ಚುಕ್ಕೆ ಸರಿಯುವುದು. ಉಪಗ್ರಹ ಬಳಸುವ ಕಾರು ಬಂದದ್ದು 1990ರಲ್ಲಿ, ಮಾಜ್ದಾ ಕಂಪನಿಯ ಯೂನೋಸ್ ಕಾಸ್ಮೋ. ಹಳೆಯ ವಿದ್ಯೆ ಇಂದಿಗೂ ಅನೇಕ ಕಾರುಗಳ ಯಂತ್ರದಲ್ಲಿ ಉಳಿದಿದೆ. ಟೈಟಸ್ ಕಣಿವೆಯಂಥ ಕಡೆ ಎರಡೂ ಬದಿಯ ಬಂಡೆಗೋಡೆಗಳು ಹತ್ತಿರ ಬಂದಾಗ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಸಂಕೇತಗಳು ಗೋಡೆಗೆ ಬಡಿದು ಸುತ್ತಿ ಬರುತ್ತವೆ, ಕೈಪೆಟ್ಟಿಗೆಯ ಬಾಣ ಬೆಟ್ಟದ ಒಳಗೆ ಹೊಕ್ಕು ಹೊರಡುತ್ತದೆ. ಚಕ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕಾರಿನ ಯಂತ್ರ ಅಲ್ಲಿ ಹೆಚ್ಚು ಸ್ಥಿರ.

ಬಿಸಿಲೂ ಒಂದು ಲೆಕ್ಕ. ಕಾರಿನ ಯಂತ್ರವನ್ನು ಡ್ಯಾಶ್‌ಬೋರ್ಡಿನ ಕಾವು ತಡೆಯುವಂತೆ ಕಟ್ಟಿರುತ್ತಾರೆ. ಫೋನುಗಳು ಹಾಗಲ್ಲ. ಬೇಸಿಗೆಯಲ್ಲಿ ಗಾಜಿನ ಹಿಂದೆ ಅಂಟಿಸಿಟ್ಟ ಫೋನು ಕಾವೇರಿ ತಾನೇ ಆರಿಹೋಗುವುದು ಸಾಮಾನ್ಯ. ಇನ್ನು ಅಂಟಿಸುವ ಜಾಗಕ್ಕೂ ಕ್ಯಾಲಿಫೋರ್ನಿಯದಲ್ಲಿ ಕಾನೂನಿದೆ. 2009ಕ್ಕೆ ಮೊದಲು ಮುಂಗಾಜಿಗೆ ಜಿಪಿಎಸ್ ಅಂಟಿಸುವಂತಿರಲಿಲ್ಲ. ಆ ವರ್ಷದಿಂದ ಚಾಲಕನ ಕಡೆಯ ಕೆಳಮೂಲೆಯಲ್ಲಿ ಐದು ಅಂಗುಲದ ಚೌಕ, ಇಲ್ಲವೇ ಆಚೆ ಬದಿಯ ಕೆಳಮೂಲೆಯಲ್ಲಿ ಏಳು ಅಂಗುಲದ ಚೌಕದೊಳಗೆ ಅನುಮತಿ.

ಕೈಯಲ್ಲಿ ಒಯ್ಯುವುದರ ದೊಡ್ಡ ಗುಣ ಒಂದೇ: ಅದು ಕಾರನ್ನು ಬಿಟ್ಟು ಬರುತ್ತದೆ. ಬಾಡಿಗೆ ಕಾರು ಬದಲಾದರೂ ಯಂತ್ರ ಬದಲಾಗದು, ಗುಂಡಿಗಳನ್ನು ಹೊಸದಾಗಿ ಕಲಿಯಬೇಕಿಲ್ಲ. ಮನೆಯಲ್ಲೇ ಕುಳಿತು ಅಪ್ಪ ಮಗಳು ಸೇರಿ ಅಕ್ಷಾಂಶ, ರೇಖಾಂಶ ತುಂಬಿಡಬಹುದು. ಇದು ಚಿಲ್ಲರೆ ವಿಷಯವಲ್ಲ. ಬರೀ 'ಡೆತ್ ವ್ಯಾಲಿ' ಎಂದು ಟೈಪ್ ಮಾಡಿದರೆ ಯಂತ್ರ ಆ ಮಹಾವಿಸ್ತಾರದಲ್ಲಿ ಯಾವುದೋ ಒಂದು ಚುಕ್ಕೆಯನ್ನು ಆರಿಸಿಬಿಡಬಹುದು. ಕಚ್ಚಾ ರಸ್ತೆ ಬೇಡ ಎಂಬ ಆಯ್ಕೆಯನ್ನು ಎರಡೂ ಬಗೆಯ ಯಂತ್ರಗಳಲ್ಲಿ ಮೊದಲೇ ಒತ್ತಿಡಬೇಕು. 'ಅತಿ ಹತ್ತಿರದ ದಾರಿ' ಎಂಬ ಆಯ್ಕೆಯನ್ನು ಮುಟ್ಟಲೇಬಾರದು. 1849ರ ಬಂಡಿಗಳು ಒತ್ತಿದ್ದು ಅದನ್ನೇ. ಫೋನೇ ಸಾಕೆನ್ನುವವರು ಹೊರಡುವ ಮೊದಲು ನಕ್ಷೆಯನ್ನು ಪೂರ್ತಿ ಇಳಿಸಿಕೊಂಡಿರಬೇಕು. ಫರ್ನೇಸ್ ಕ್ರೀಕ್, ಸ್ಟವ್‌ಪೈಪ್ ವೆಲ್ಸ್ ಆಸುಪಾಸು ದಾಟಿದರೆ ಹೆಚ್ಚಿನ ಕಡೆ ಸಂಕೇತ ಸಿಗದು, ಪರದೆಯ ಮೇಲೆ ಖಾಲಿ ಬಯಲಿನಲ್ಲಿ ನೀಲಿ ಚುಕ್ಕೆಯೊಂದೇ ಮಿನುಗುತ್ತಿರುತ್ತದೆ. ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯ 2022ರ ಕೊನೆಯಿಂದ ಕೆಲವು ಫೋನುಗಳಲ್ಲಿ ಬಂದಿದೆ. ದುಡ್ಡು ಹಾಕುವುದಾದರೆ ದೊಡ್ಡ ಪರದೆಗಿಂತ ಇದಕ್ಕೆ ಹಾಕುವುದು ಮೇಲು.

ಹಾಗಾದರೆ ಯಾವುದು? ಟಾರು ರಸ್ತೆ ಬಿಡದ ಕುಟುಂಬಕ್ಕೆ ಕಾರಿನಲ್ಲಿರುವುದೇ ಸಾಕು, ಅದರ ನಕ್ಷೆ ಹೊಸದಾಗಿದ್ದರೆ. ಹಳೆಯ ಕಾರು, ಬಾಡಿಗೆ ಕಾರು ಇದ್ದವರಿಗೆ ಕೈಯಲ್ಲಿ ಒಯ್ಯುವುದು. ಎರಡಕ್ಕೂ ಮೊದಲು ಫರ್ನೇಸ್ ಕ್ರೀಕ್‌ನ ಮಾಹಿತಿ ಕೇಂದ್ರದಲ್ಲಿ ಇಳಿದು, ಇಂದು ಯಾವ ರಸ್ತೆ ತೆರೆದಿದೆ ಎಂದು ರೇಂಜರನ್ನು ಕೇಳಿ, ಕಾಗದದ ನಕ್ಷೆ ತೆಗೆದುಕೊಳ್ಳುವುದು. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು. ಕಾರು ಕೆಟ್ಟರೆ ಅದರ ಬಳಿಯೇ ಇರುವುದು.

ಇದೇ ಕಣಿವೆಯಲ್ಲಿ ಜಿಪಿಎಸ್ ಒಂದು ಒಗಟನ್ನೂ ಬಿಡಿಸಿದೆ. ಬೆಟ್ಟಗಳ ನಡುವೆ ರೇಸ್‌ಟ್ರ್ಯಾಕ್ ಎಂಬ ಒಣಗಿದ ಕೆರೆಯಂಗಳವಿದೆ. ಅಲ್ಲಿನ ಕಲ್ಲುಗಳು ತಾವಾಗಿಯೇ ಚಲಿಸಿದಂತೆ ಹಿಂದೆ ಉದ್ದನೆಯ ಜಾಡು ಬಿಟ್ಟಿರುತ್ತವೆ. ಚಲಿಸಿದ್ದನ್ನು ಯಾರೂ ಕಂಡಿರಲಿಲ್ಲ. ರಿಚರ್ಡ್ ನಾರಿಸ್ ಮತ್ತು ಸಂಗಡಿಗರು 15 ಕಲ್ಲುಗಳಿಗೆ ಜಿಪಿಎಸ್ ಯಂತ್ರ ಹುದುಗಿಸಿ ಅಲ್ಲಿಟ್ಟರು. ಅಲ್ಲಿಯ ಕಲ್ಲನ್ನು ಮುಟ್ಟಲು ಅನುಮತಿ ಇಲ್ಲವಾಗಿ ಹೊರಗಿನಿಂದ ಕಲ್ಲು ಹೊತ್ತು ತಂದರು! 2013ರ ಡಿಸೆಂಬರ್‌ನಲ್ಲಿ ಅವು ಕಣ್ಣೆದುರೇ ಸರಿದವು. ರಾತ್ರಿ ಹೆಪ್ಪುಗಟ್ಟಿದ ತೆಳು ಮಂಜುಗಡ್ಡೆ ಬಿಸಿಲಿಗೆ ಒಡೆದು, ಹಗುರ ಗಾಳಿಗೆ ತೇಲಿ, ಕಲ್ಲನ್ನು ಮೆಲ್ಲಗೆ ತಳ್ಳುತ್ತಿತ್ತು. 2014ರಲ್ಲಿ ಆ ವರದಿ ಪ್ರಕಟವಾಯಿತು.

ಅದನ್ನು ನೋಡಲು ಹೋಗುವವರು ಉಬೆಹೀಬಿ ಜ್ವಾಲಾಮುಖಿ ಕುಳಿಯ ಬಳಿ ಟಾರು ಬಿಟ್ಟು 27 ಮೈಲಿ ಕಲ್ಲುದಾರಿ ಹಿಡಿಯಬೇಕು. ಚೂಪು ಕಲ್ಲಿಗೆ ಟೈರು ಸೀಳುವುದು ಇಲ್ಲಿ ನಿತ್ಯದ ಮಾತು. ದಾರಿಯಲ್ಲಿ ಟೀಕೆಟಲ್ ಜಂಕ್ಷನ್ ಎಂಬ ಕೂಡುರಸ್ತೆ ಸಿಗುತ್ತದೆ. ಅಲ್ಲಿನ ಮರದ ಫಲಕಕ್ಕೆ ಹಾದುಹೋದವರೆಲ್ಲ ಒಂದೊಂದು ಚಹದ ಕೆಟಲಿಗೆ ಏನಾದರೂ ಬರೆದು ನೇತುಹಾಕಿರುತ್ತಾರೆ. ಗಾಳಿ ಬೀಸಿದಾಗ ಅವು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಸುತ್ತ ಮೈಲಿಗಟ್ಟಲೆ ಬೇರೆ ಸದ್ದಿಲ್ಲ.