ನಾಯಿ ನೆಕ್ಕಿದ ಗಾಯ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ, ಗುರುಹಿರಿಯರ ನೆನಪುಗಳ ನಡುವೆ, ನಾಯಿಯ ವಿಚಾರ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಕಾಸರಗೋಡು ಸೀಮೆಯಲ್ಲಿ ಬಹುಕಾಲ ದಾದಿಯಾಗಿ ದುಡಿದ ನನಗೆ, ಈ ಶಾಲೆ ಕಲಿಸಿದ ಕನ್ನಡ ಹೆಚ್ಚು ಉಪಯೋಗಕ್ಕೆ ಬಂದುದು ಇಂತಹ ವಿಚಾರಗಳಲ್ಲಿಯೇ.

ನಮ್ಮ ಕಡೆ ಅಡಿಕೆ ತೋಟದ ಮನೆಯೆಂದರೆ ಅಂಗಳದಲ್ಲೊಂದು ನಾಯಿ ಇದ್ದೇ ಇರುತ್ತದೆ. ಕತ್ತಿ ತಾಗಿದ ಕಾಲನ್ನೋ ಮಕ್ಕಳ ತರಚಿದ ಮೊಣಕಾಲನ್ನೋ ಅದು ಅಕ್ಕರೆಯಿಂದ ನೆಕ್ಕುತ್ತದೆ. ತನ್ನ ಗಾಯವನ್ನು ತಾನೇ ನೆಕ್ಕಿ ಮಾಯಿಸಿಕೊಳ್ಳುವ ಪ್ರಾಣಿಯ ನಾಲಗೆ ನಮಗೂ ಮದ್ದೆಂಬ ನಂಬಿಕೆ ಹಿರಿಯರಲ್ಲಿತ್ತು.

1993ರಲ್ಲಿ, ಮಗನ ಮೊಣಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಲು ಬಂದ ತಾಯಿಯೊಬ್ಬರು, ಮನೆಯ ನಾಯಿ ಎರಡು ದಿನಗಳಿಂದ ಅನ್ನ ಮುಟ್ಟದೆ ಜೊಲ್ಲು ಸುರಿಸುತ್ತಿದೆಯೆಂದು ಮಾತಿನ ನಡುವೆ ಹೇಳಿದರು. ನಾಯಿ ಕಚ್ಚಿತೇ ಎಂದು ವೈದ್ಯರು ಮಲಯಾಳದಲ್ಲಿ ಕೇಳಿದರು. ಇಲ್ಲವೆಂದು ಆಕೆ ತಲೆಯಾಡಿಸಿದರು. ಅದು ಸತ್ಯವೇ, ಆದರೆ ಪೂರ್ಣ ಸತ್ಯವಲ್ಲ. "ಗಾಯ ನೆಕ್ಕಿತ್ತಾ ಅಕ್ಕಾ?" ಎಂದು ನಾನು ಕೇಳಿದೆ. "ನೆಕ್ಕದೆ ಇರ್ತದಾ? ಸಾಕಿದ ನಾಯಿ ಅಲ್ವಾ!" ಎಂದರು. ವೈದ್ಯರಿಗೆ ತಿಳಿಸಿದ ಕೂಡಲೇ ಚಿಕಿತ್ಸೆ ಆರಂಭವಾಯಿತು. ಕುರಿಯ ಮೆದುಳಿನಿಂದ ತಯಾರಿಸಿದ ಲಸಿಕೆಯನ್ನು ದಿನವೂ ಹೊಟ್ಟೆಗೆ ಚುಚ್ಚುತ್ತಿದ್ದ ಕಾಲವದು. ನಾಲ್ಕನೆಯ ದಿನ ನಾಯಿ ಸತ್ತಿತು. ಹುಡುಗನಿಗೆ ಏನೂ ಆಗಲಿಲ್ಲ. ಮುಂದೆ ಇದೇ ಶಾಲೆಯಲ್ಲಿ ಕಲಿತನು.

ರೇಬೀಸ್ ವೈರಾಣು, ನಾಯಿಯಲ್ಲಿ ರೋಗಲಕ್ಷಣ ಕಾಣಿಸುವ ಕೆಲವು ದಿನ ಮೊದಲೇ ಜೊಲ್ಲಿಗೆ ಬಂದಿರುತ್ತದೆ. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು, ಗಾಯವನ್ನು ನೆಕ್ಕುವುದನ್ನೂ ಆಳವಾದ ಕಡಿತವನ್ನೂ ಅತಿ ಅಪಾಯದ ಮೂರನೆಯ ವರ್ಗದಲ್ಲಿಯೇ ಇರಿಸಿದೆ. ಮನುಷ್ಯನಲ್ಲಿ ಈ ರೋಗ ತಲೆದೋರಿದ ಮೇಲೆ ಬದುಕುವುದು ಬಹುತೇಕ ಅಸಾಧ್ಯ.

ಲಸಿಕೆ ಹಾಕಿಸಿದ ನಾಯಿಯ ಬಾಯಿಯಲ್ಲಿಯೂ ಪಾಶ್ಚುರೆಲ್ಲ, ಕ್ಯಾಪ್ನೊಸೈಟೊಫಾಗ ಮೊದಲಾದ ಬ್ಯಾಕ್ಟೀರಿಯಾಗಳಿರಬಹುದು. ಅವುಗಳಿಂದ ಗಾಯ ಕೆಂಪಾಗಿ ಬಾತು ಕೀವಾದೀತು. ಅಪರೂಪಕ್ಕೆ ರಕ್ತವೇ ನಂಜಾದೀತು. ಗುಲ್ಮವನ್ನು ತೆಗೆಸಿಕೊಂಡವರು, ಯಕೃತ್ತಿನ ಕಾಯಿಲೆಯವರು ವಿಶೇಷ ಎಚ್ಚರದಿಂದಿರಬೇಕು. ಮಧುಮೇಹದಿಂದ ಕಾಲು ಜೋಮುಗಟ್ಟಿದವರಿಗಂತೂ ನಿದ್ದೆಯಲ್ಲಿ ನಾಯಿ ಹುಣ್ಣು ನೆಕ್ಕಿದರೂ ತಿಳಿಯದು. ಅಂತಹವರು ಹುಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಮಲಗುವುದು ಲೇಸು.

ನಾಯಿ ಗಾಯ ನೆಕ್ಕಿದರೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಸಿನ, ಸುಣ್ಣ, ಕಾಫಿಪುಡಿ ಮೆತ್ತಬಾರದು. ನಾಯಿಗೆ ಏನಾಗುವುದೋ ನೋಡೋಣವೆಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಯ ಚುಚ್ಚುಮದ್ದಿಗೆ ಈಗ ಯಾರೂ ಅಂಜಬೇಕಾಗಿಲ್ಲ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತಿತು. ಈಗ ತೋಳಿಗೆ ಕೆಲವೇ ಚುಚ್ಚುಮದ್ದು. ಜೊತೆಗೆ ಗಾಯದೊಳಕ್ಕೆ ಇಮ್ಯುನೊಗ್ಲೋಬ್ಯುಲಿನ್. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂಬುದನ್ನೂ ವೈದ್ಯರು ನಿರ್ಧರಿಸುವರು.

ನಾಯಿಯನ್ನು ಅಂಗಳದಿಂದ ಓಡಿಸಿರೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಕಾಲಕಾಲಕ್ಕೆ ಲಸಿಕೆ ಹಾಕಿಸಿರಿ. ಗಾಯವನ್ನು ಅದರ ನಾಲಗೆಯಿಂದ ದೂರವಿಡಿರಿ. ಆಸ್ಪತ್ರೆಯಲ್ಲಿ ಯಾರೂ ಕೇಳದಿದ್ದರೂ "ನೆಕ್ಕಿದೆ" ಎಂಬ ಮಾತನ್ನು ನೀವಾಗಿಯೇ ಹೇಳಿರಿ. ಮಲಯಾಳ ಬಾರದಿದ್ದರೆ ಕನ್ನಡದಲ್ಲಿಯೇ ಹೇಳಿರಿ. ಅದನ್ನು ಅರಿತು ವೈದ್ಯರಿಗೆ ತಿಳಿಸಬಲ್ಲವರನ್ನು ನಮ್ಮ ಶಾಲೆ ಇನ್ನೂ ಬಹುಕಾಲ ಬೆಳೆಸುತ್ತಿರಲೆಂದು ಹಾರೈಸುತ್ತೇನೆ.